ಸ್ಪೇಸ್ ಷಟಲ್ ಫೋಟೋ ಹಳದಿ ಬಂತು, ಹೊಸ ಕ್ಯಾಮೆರಾ ತಗೊಳ್ಳಲಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿವಮೊಗ್ಗದ ನಿವೃತ್ತ ಹೈಸ್ಕೂಲು ವಿಜ್ಞಾನ ಶಿಕ್ಷಕಿ. ಮಗಳ ಸಂಸಾರ ಅಮೆರಿಕದ ವರ್ಜೀನಿಯಾದಲ್ಲಿದೆ. ಹಿಂದಿನ ಸಲ ಹೋದಾಗ ಡಲ್ಲೆಸ್ ವಿಮಾನ ನಿಲ್ದಾಣದ ಹತ್ತಿರದ ಬಾಹ್ಯಾಕಾಶ ಮ್ಯೂಸಿಯಂ ನೋಡಿ ಬಂದೆವು. ಡಿಸ್ಕವರಿ ಎಂಬ ಬಾಹ್ಯಾಕಾಶ ನೌಕೆಯ (ಸ್ಪೇಸ್ ಷಟಲ್) ಎದುರು ನಿಂತಾಗ ಮೈ ಜುಮ್ಮೆಂದಿತು. ಮನೆಗೆ ಬಂದು ಫೋನ್ ತೆರೆದರೆ ಒಂದು ಫೋಟೋನೂ ಸರಿಯಿಲ್ಲ. ಷಟಲ್ ಹಳದಿ ಹಳದಿ. ಮೂತಿ ಬಂದರೆ ಬಾಲ ಇಲ್ಲ. ಮೊಮ್ಮಗನ ಮುಖ ಕಪ್ಪು. ಗಾಜಿನ ಪೆಟ್ಟಿಗೆಯೊಳಗಿನ ವಸ್ತು ತೆಗೆದರೆ ನನ್ನ ಸೀರೆಯೇ ಕಾಣುತ್ತದೆ. ಈ ಬೇಸಿಗೆಗೆ ಮತ್ತೆ ಹೊರಟಿದ್ದೇವೆ. ಜೊತೆಗೆ ನನ್ನ ವಾರಗಿತ್ತಿಯೂ ಬರುತ್ತಾಳೆ. ವಾಷಿಂಗ್ಟನ್ ಊರೊಳಗಿನ ದೊಡ್ಡ ಮ್ಯೂಸಿಯಂ ಕೂಡ ನೋಡುವ ಆಸೆ. ಮಿರರ್‌ಲೆಸ್ ಕ್ಯಾಮೆರಾ, ವೈಡ್ ಲೆನ್ಸ್, ಟ್ರೈಪಾಡ್ ಎಲ್ಲಾ ತಗೊಂಡುಬಿಡಿ ಅಂತ ಅಳಿಯ ಹೇಳುತ್ತಾರೆ. ವಾರಗಿತ್ತಿ ಹೇಳುವುದೇ ಬೇರೆ: ಫ್ಲ್ಯಾಷ್ ಹೊಡೆದರೆ ವಸ್ತುಗಳು ಹಾಳಾಗುತ್ತವಂತೆ, ಹೊರದೇಶದವರು ಅಂಥ ಕಡೆ ಫೋಟೋ ತೆಗೆದರೆ ವೀಸಾಕ್ಕೇ ತೊಂದರೆಯಂತೆ. ತೆಗೆದ ಫೋಟೋಗಳನ್ನು ನಾನು ಪಾಠ ಮಾಡಿದ ಶಾಲೆಯಲ್ಲಿ ಪ್ರದರ್ಶನಕ್ಕೆ ಇಡಬಹುದೇ? ಸಾಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮೈದುನ “ಅಂಗಡಿ ಕ್ಯಾಲೆಂಡರಿಗೆ ಒಂದು ಫೋಟೋ ಕೊಡಿ ಅತ್ತಿಗೆ” ಅನ್ನುತ್ತಿದ್ದಾನೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಮಸ್ಕಾರ ಮೇಡಂ. ಮ್ಯೂಸಿಯಂಗಳಲ್ಲಿ ಫೋಟೋ ತೆಗೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ನಿಮ್ಮ ಪತ್ರ ಓದುವಾಗ ಆ ಫೋಟೋಗಳು ಕಣ್ಣಿಗೆ ಕಟ್ಟಿದವು. ಹಳದಿ ಬಣ್ಣ, ಅರ್ಧ ಷಟಲ್, ಕಪ್ಪು ಮುಖ, ಗಾಜಿನಲ್ಲಿ ಸೀರೆ. ಈ ನಾಲ್ಕೂ ತೊಂದರೆ ದುಬಾರಿ ಕ್ಯಾಮೆರಾ ಹಿಡಿದವರಿಗೂ ಬರುತ್ತವೆ. ಆದ್ದರಿಂದ ಅಳಿಯಂದಿರಿಗೆ ಸ್ವಲ್ಪ ತಡೆಯಲು ಹೇಳಿ. ಅಂಗಡಿಗೆ ಆಮೇಲೆ ಹೋದರಾಯಿತು.

ಮೊದಲು ವಾರಗಿತ್ತಿಯವರ ಭಯ ಬಿಡಿಸೋಣ. ನೀವು ನೋಡಿ ಬಂದದ್ದು ಉದ್ವಾರ್-ಹಾಜಿ ಸೆಂಟರ್, 2003ರಲ್ಲಿ ತೆರೆದದ್ದು. ವಾಷಿಂಗ್ಟನ್ ಊರೊಳಗೆ ನ್ಯಾಷನಲ್ ಮಾಲ್ ಎಂಬ ವಿಶಾಲ ಉದ್ಯಾನದ ಬದಿಯಲ್ಲಿರುವುದು 1976ರ ಹಳೆಯ ಕಟ್ಟಡ. ಎರಡೂ ಸೇರಿ ಒಂದೇ ಮ್ಯೂಸಿಯಂ, ಸ್ಮಿತ್ಸೋನಿಯನ್ ಸಂಸ್ಥೆಯದು. ಸ್ವಂತಕ್ಕಾಗಿ ಫೋಟೋ ತೆಗೆಯಲು ಅಲ್ಲಿ ಅಡ್ಡಿಯಿಲ್ಲ. ಬೇಡ ಎಂಬ ಫಲಕ ಇರುವ ಕಡೆ ಮಾತ್ರ ಸುಮ್ಮನಿರಬೇಕು. ನೀವು ಯಾವ ದೇಶದವರು ಎಂದು ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಮಾಡುತ್ತಾರೆ, ಅಷ್ಟೇ. ವೀಸಾಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಫೋನ್ ಹೊರಗೆ ತೆಗೆಯಲೇಬಾರದ ಜಾಗ ಬೇರೆ ಇದೆ. ವಿಮಾನ ಇಳಿದು ಇಮಿಗ್ರೇಶನ್ ಸಾಲಿನಲ್ಲಿ ನಿಲ್ಲುತ್ತೀರಲ್ಲ, ಆ ಹಾಲ್‌ನಲ್ಲಿ ಫೋಟೋ ನಿಷಿದ್ಧ. “ಬಂದು ಇಳಿದೆವು” ಅಂತ ಸೆಲ್ಫಿ ತೆಗೆಯಲು ಹೋಗಿ ಅಧಿಕಾರಿಗಳಿಂದ ಬೈಸಿಕೊಳ್ಳುವವರು ಬೇಕಾದಷ್ಟು ಜನ.

ನಮ್ಮ ಕಡೆ ಎಷ್ಟೋ ಮ್ಯೂಸಿಯಂಗಳಲ್ಲಿ ಕ್ಯಾಮೆರಾಕ್ಕೆ ಬೇರೆ ಟಿಕೆಟ್, ಫೋನಿಗೆ ಬೇರೆ ಟಿಕೆಟ್ ಇರುತ್ತದೆ. ಕೆಲವು ಕಡೆ ಚೀಟಿ ಇದ್ದರೂ ಕಾವಲಿನವರು ಗದರುತ್ತಾರೆ. ಅದನ್ನೇ ನೋಡಿ ಬೆಳೆದವರಿಗೆ ಅಲ್ಲಿ ಅನುಮಾನ ಬರುವುದು ಸಹಜ ಬಿಡಿ.

ಫ್ಲ್ಯಾಷ್ ವಿಷಯದಲ್ಲಿ ವಾರಗಿತ್ತಿಯವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬೆಳಕಿನಿಂದ ಬಟ್ಟೆ, ಕಾಗದ, ಬಣ್ಣ, ರಬ್ಬರ್ ಹಾಳಾಗುತ್ತವೆ. ಎಷ್ಟು ಬೆಳಕು ಬಿತ್ತು, ಎಷ್ಟು ಹೊತ್ತು ಬಿತ್ತು, ಎರಡೂ ಸೇರಿ ಲೆಕ್ಕ. ಆ ಹಾನಿ ಕೂಡುತ್ತಾ ಹೋಗುತ್ತದೆ, ವಾಪಸ್ ಬರುವುದಿಲ್ಲ. ಆದರೆ ಕ್ಯಾಮೆರಾ ಫ್ಲ್ಯಾಷ್ ಬೆಳಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ದಿನವಿಡೀ ಉರಿಯುವ ದೀಪದ ಮುಂದೆ ಅದರ ಪಾಲು ತೀರಾ ಸಣ್ಣದು. ಷಟಲ್‌ನ ಸಿಲಿಕಾ ಹೆಂಚುಗಳಿಗಂತೂ ನಿಮ್ಮ ಫೋನಿನ ಫ್ಲ್ಯಾಷ್ ಯಾವ ಲೆಕ್ಕ! ಭೂಮಿಗೆ ವಾಪಸ್ ಬರುವಾಗ ಸಾವಿರದ ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಕಂಡ ವಸ್ತು ಅದು.

ಹಾಗಂತ ಫ್ಲ್ಯಾಷ್ ಹಾಕಿ ಅಂತ ನಾನು ಹೇಳುತ್ತಿಲ್ಲ. ಹಾಕಲೇಬೇಡಿ. ಕಾರಣ ಬೇರೆ. ಫೋನಿನ ಫ್ಲ್ಯಾಷ್ ಎರಡು ಮೂರು ಮೀಟರ್ ಆಚೆಗೆ ಮುಟ್ಟುವುದಿಲ್ಲ. ಷಟಲ್ 37 ಮೀಟರ್ ಉದ್ದ. ಮುಂದೆ ನಿಂತವರ ಬೆನ್ನು ಬೆಳ್ಳಗಾಗುತ್ತದೆ, ಹಿಂದಿನ ಷಟಲ್ ಇನ್ನೂ ಕಪ್ಪಾಗುತ್ತದೆ. ಗಾಜಿದ್ದರೆ ಆ ಬೆಳಕು ನೇರ ನಿಮ್ಮ ಲೆನ್ಸಿಗೇ ವಾಪಸ್. ಅದಕ್ಕೇ ಒಳಗೆ ಕಾಲಿಡುವ ಮೊದಲು ಫ್ಲ್ಯಾಷ್ ಅನ್ನು ‘ಆಟೋ’ದಿಂದ ‘ಆಫ್’ಗೆ ತನ್ನಿ. ಆಟೋದಲ್ಲಿದ್ದರೆ ಎಲ್ಲಿ ಹೊಡೆಯಬಾರದೋ ಅಲ್ಲೇ ಹೊಡೆಯುತ್ತದೆ.

ಬೆಳಕಿಗೆ ನಿಜಕ್ಕೂ ಹೆದರಬೇಕಾದ ವಸ್ತು ಊರೊಳಗಿನ ಕಟ್ಟಡದಲ್ಲಿದೆ. ಅದು ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ತೊಟ್ಟಿದ್ದ ಉಡುಪು. ಅದರಲ್ಲಿ ಬಟ್ಟೆ, ರಬ್ಬರ್, ಲೋಹ ಎಲ್ಲ ಪದರ ಪದರವಾಗಿವೆ. ಒಳಗಿನ ರಬ್ಬರ್ ವಯಸ್ಸಾದಂತೆ ಬಿರುಸಾಗಿ ಬಿರುಕು ಬಿಡುತ್ತದೆ. ಈ ಕಾರಣಕ್ಕೆ 2006ರಲ್ಲಿ ಅದನ್ನು ಪ್ರದರ್ಶನದಿಂದ ತೆಗೆದಿದ್ದರು. ಜನರಿಂದ ಹಣ ಸೇರಿಸಿ, ಸಂರಕ್ಷಣೆ ಮಾಡಿ, ತಾಪ ಮತ್ತು ತೇವ ನಿಯಂತ್ರಿಸುವ ಪೆಟ್ಟಿಗೆ ಕಟ್ಟಿಸಿ, 2019ರ ಜುಲೈಯಲ್ಲಿ ಅಪೊಲೊ 11ರ ಐವತ್ತನೇ ವರ್ಷಕ್ಕೆ ಮತ್ತೆ ಇಟ್ಟರು. ಅಂಥ ವಸ್ತುವಿಗೆ ಬೆಳಕನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ನಿಮ್ಮ ಫೋಟೋ ಸ್ವಲ್ಪ ಮಂಕಾಗಿ ಬಂದರೆ ಅದು ಆ ಕೋಣೆಯ ಗುಣ, ನಿಮ್ಮ ತಪ್ಪಲ್ಲ.

ಈಗ ಹಳದಿ ಬಣ್ಣಕ್ಕೆ ಬರೋಣ. ನಮ್ಮ ಕಣ್ಣು ಬಲು ಚಾಲಾಕಿ. ದೀಪ ಹಳದಿಯಿದ್ದರೂ ಬಿಳಿ ಸೀರೆಯನ್ನು ಬಿಳಿ ಅಂತಲೇ ತೋರಿಸುತ್ತದೆ. ಕ್ಯಾಮೆರಾಕ್ಕೆ ಅದು ಗೊತ್ತಿಲ್ಲ. ಇಡೀ ಫೋಟೋ ನೋಡಿ ಯಾವುದು ಬಿಳಿ ಇರಬಹುದು ಅಂತ ಅದು ಅಂದಾಜು ಮಾಡುತ್ತದೆ. ಷಟಲ್ ನಿಲ್ಲಿಸಿರುವ ದೊಡ್ಡ ಶೆಡ್ಡಿನಲ್ಲಿ, ಅಂದರೆ ಹ್ಯಾಂಗರಿನಲ್ಲಿ, ಮೇಲಿನ ದೀಪ ಒಂದು ಬಣ್ಣ, ಪ್ರದರ್ಶನ ಫಲಕಗಳ ದೀಪ ಇನ್ನೊಂದು ಬಣ್ಣ, ಪಕ್ಕದ ವಿಮಾನಗಳ ಹ್ಯಾಂಗರ್ ಕಡೆಯಿಂದ ಬರುವ ಬೆಳಕು ಮತ್ತೊಂದು. ಅಂದಾಜು ತಪ್ಪುತ್ತದೆ. ಇದಕ್ಕೆ ಫೋನಿನ ಕ್ಯಾಮೆರಾದಲ್ಲಿ ‘ಪ್ರೊ’ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ (ಯಾವುದು ಬಿಳಿ ಎಂಬ ಈ ಅಂದಾಜು) ಅನ್ನು ನೀವೇ ಹಿಡಿದು ನಿಲ್ಲಿಸಬಹುದು. 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರ ಶುರು ಮಾಡಿ, ಪರದೆ ನೋಡುತ್ತಾ ಹೆಚ್ಚು ಕಡಿಮೆ ಮಾಡಿ. ಪ್ರೊ ಮೋಡ್ ಇಲ್ಲದಿದ್ದರೂ ಚಿಂತೆಯಿಲ್ಲ. ಮನೆಗೆ ಬಂದು ಎಡಿಟ್‌ನಲ್ಲಿ ‘ವಾರ್ಮ್ತ್’ ಗೆರೆ ಸ್ವಲ್ಪ ನೀಲಿ ಕಡೆಗೆ ಎಳೆದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ನಿಮ್ಮ ಹಳೆಯ ಫೋಟೋಗಳಿಗೂ ಇವತ್ತೇ ಇದನ್ನು ಮಾಡಿ ನೋಡಿ. ಡಿಲೀಟ್ ಮಾಡಿಲ್ಲ ತಾನೆ?

ಒಂದು ಎಚ್ಚರಿಕೆ. ಷಟಲ್‌ ಹಾಲಿನಷ್ಟು ಬಿಳಿ ಆಗುವವರೆಗೆ ಎಳೆಯಬೇಡಿ. ಡಿಸ್ಕವರಿ ನಿಜವಾಗಿ ಬಿಳಿ ಇಲ್ಲ. 1984ರಿಂದ 2011ರವರೆಗೆ 39 ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದ ನೌಕೆ ಅದು. 1990ರಲ್ಲಿ ಹಬಲ್ ದೂರದರ್ಶಕವನ್ನು ಹೊತ್ತು ಹೋಗಿದ್ದೂ ಅದೇ. ಕೊನೆಯ ಸಲ ಇಳಿದಾಗ ಹೇಗಿತ್ತೋ ಆ ಕಲೆಗಳನ್ನು ಒರೆಸದೆ ಉಳಿಸಿಕೊಂಡಿದ್ದಾರೆ. ಕಂದು, ಬೂದು ಗೆರೆಗಳು ಮೂತಿಯಿಂದ ಹಿಂದಕ್ಕೆ ಹರಿದಿವೆ. ವಾತಾವರಣಕ್ಕೆ ಮರಳಿ ನುಗ್ಗಿದಾಗಿನ ಬಿಸಿಯ ಗುರುತು ಅವು. ಬಣ್ಣ ತಿದ್ದುವ ಉತ್ಸಾಹದಲ್ಲಿ ಆ ಗೆರೆಗಳೇ ಮಾಯವಾದರೆ, ನೀವು ತಂದದ್ದು ಆಟಿಕೆ ಷಟಲ್‌ನ ಫೋಟೋ ಆಗುತ್ತದೆ.

ಇಲ್ಲಿಂದಲೇ ನನ್ನ ಮುಖ್ಯ ಸಲಹೆ ಶುರು. ಇಡೀ ಷಟಲ್ ಒಂದೇ ಚೌಕಟ್ಟಿನಲ್ಲಿ ಬರಬೇಕು ಎಂಬ ಹಟ ಬಿಡಿ.

ಲೆಕ್ಕ ನೋಡಿ, ನೀವು ವಿಜ್ಞಾನದ ಮೇಡಂ. ಫೋನಿನ ಮುಖ್ಯ ಲೆನ್ಸಿನಲ್ಲಿ 37 ಮೀಟರ್ ಉದ್ದದ ವಸ್ತುವನ್ನು ಪಕ್ಕದಿಂದ ಪೂರ್ತಿ ಹಿಡಿಯಲು ಸುಮಾರು 25 ಮೀಟರ್ ಹಿಂದಕ್ಕೆ ಹೋಗಬೇಕು. ಅಷ್ಟು ಹಿಂದೆ ಹೋದರೆ ನಡುವೆ ಬೇರೆ ಪ್ರದರ್ಶನಗಳು, ಜನ, ತಳ್ಳುಗಾಡಿಯ ಮಕ್ಕಳು. 0.5 ಒತ್ತಿ ಅಲ್ಟ್ರಾ-ವೈಡ್ ಲೆನ್ಸ್ ಹಾಕಿದರೆ ಷಟಲ್ ಪೂರ್ತಿ ಬರುತ್ತದೆ, ನಿಜ. ಆದರೆ ಬಹಳಷ್ಟು ಫೋನ್‌ಗಳಲ್ಲಿ ಆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಸಣ್ಣದು. ಬೆಳಕು ಕಡಿಮೆ ಇರುವ ಹ್ಯಾಂಗರಿನಲ್ಲಿ ಫೋಟೋ ಕಾಳು ಕಾಳಾಗುತ್ತದೆ. ಅದನ್ನು ಮುಚ್ಚಲು ಫೋನ್ ಎಲ್ಲವನ್ನೂ ಉಜ್ಜಿ ನುಣುಪು ಮಾಡುತ್ತದೆ. ಮೂತಿ ಬಲೂನಿನಂತೆ ಉಬ್ಬುತ್ತದೆ, ಬಾಲ ಕಿರಿದಾಗುತ್ತದೆ. ಅಂಚಿನಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ. ವಾರಗಿತ್ತಿಯವರ ಜೊತೆ ಬಾಂಧವ್ಯ ಚೆನ್ನಾಗಿರಬೇಕೆಂದರೆ ಅವರನ್ನು ಅಂಚಿಗೆ ನಿಲ್ಲಿಸಬೇಡಿ!

ಒಳಗಿನ ಒಟ್ಟು ನೋಟ ಬೇಕೇ ಬೇಕು ಅಂದರೆ ಅದಕ್ಕೆ ಒಂದೇ ಜಾಗ ಸಾಕು. ಮುಖ್ಯ ಬಾಗಿಲಿಂದ ಒಳಗೆ ಬಂದು ಮೇಲಿನ ಕಟಕಟೆಯಲ್ಲಿ ನಿಂತು ಕೆಳಗೆ ನೋಡಿ. ಎದುರಿಗೇ ಕಪ್ಪು ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಬೇಹುಗಾರಿಕೆ ವಿಮಾನ. 1990ರ ಮಾರ್ಚ್ 6ರಂದು ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ಗೆ 64 ನಿಮಿಷ 20 ಸೆಕೆಂಡಿನಲ್ಲಿ ಹಾರಿದ್ದು ಇದೇ ವಿಮಾನ. ಅದರ ಹಿಂದೆ, ಬಾಹ್ಯಾಕಾಶ ಹ್ಯಾಂಗರಿನ ಬಾಯಲ್ಲಿ ಡಿಸ್ಕವರಿಯ ಮೂತಿ ಕಾಣುತ್ತದೆ. ಕಂಬಿಗೆ ಮೊಣಕೈ ಊರಿ, ಮುಖ್ಯ ಲೆನ್ಸಿನಲ್ಲೇ ನಾಲ್ಕೈದು ಫೋಟೋ ತೆಗೆಯಿರಿ. ಬ್ಲ್ಯಾಕ್‌ಬರ್ಡ್ ಪೂರಾ ಕಪ್ಪು. ಫೋನಿಗೆ ಕಪ್ಪು ಕಂಡರೆ ಬೆಳಕು ಸಾಲದು ಅನಿಸಿ ಎಲ್ಲವನ್ನೂ ಬೆಳಗಿಸುತ್ತದೆ, ವಿಮಾನ ಬೂದು ಬಣ್ಣಕ್ಕೆ ತಿರುಗುತ್ತದೆ. ಪರದೆ ಮೇಲೆ ಬೆರಳು ಒತ್ತಿ ಹಿಡಿದು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕಪ್ಪು ಮತ್ತೆ ಕಪ್ಪಾಗುತ್ತದೆ.

ಆಮೇಲೆ ಕೆಳಗಿಳಿದು ಷಟಲ್ ಹತ್ತಿರ ಹೋಗಿ. ತಡೆಕಂಬಿ ಇರುತ್ತದೆ, ಆದರೂ ಮೈಯ ವಿವರ ಚೆನ್ನಾಗಿ ಕಾಣುತ್ತದೆ. ಅಲ್ಲಿ ಸುಮ್ನೆ ಐದು ನಿಮಿಷ ಫೋನ್ ಕೆಳಗಿಟ್ಟು ನೋಡಿ. ಹೊಟ್ಟೆಯ ಕಡೆ ಕಪ್ಪು ಹೆಂಚುಗಳು. ಇಂಥ ಷಟಲ್ ಒಂದಕ್ಕೆ ಸುಮಾರು 24,000 ಹೆಂಚು ಇರುತ್ತಿದ್ದವು. ಒಂದರ ಆಕಾರ ಇನ್ನೊಂದಕ್ಕೆ ಹೊಂದುವುದಿಲ್ಲ. ಅದಕ್ಕೇ ಪ್ರತಿಯೊಂದರ ಮೇಲೂ ಸಣ್ಣ ಅಕ್ಷರದಲ್ಲಿ ಅದರದೇ ಸಂಖ್ಯೆ. ಗಮನವಿಟ್ಟು ನೋಡಿದರೆ ಕೆಲವು ಹೆಂಚು ಕಡುಕಪ್ಪು, ಪಕ್ಕದವು ಬೂದಿ ಬಡಿದಂತೆ. ಕಡುಕಪ್ಪಿನವು ಆಮೇಲೆ ಬದಲಾಯಿಸಿದವು. ಹಳೆಯವು ಬಿಸಿ ಉಂಡು ಉಂಡು ಮಾಸಿವೆ. ಮೇಲಿನ ಬಿಳಿ ಭಾಗ ಲೋಹ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿ ಬಹುಭಾಗ ಹೊದಿಸಿರುವುದು ಬಟ್ಟೆ. ನಮ್ಮ ಕೌದಿಯ ಹಾಗೆ ಚೌಕ ಚೌಕವಾಗಿ ಹೊಲಿಗೆ ಹಾಕಿದ, ಶಾಖ ತಡೆಯುವ ಹೊದಿಕೆ. ಆ ಹೊಲಿಗೆ ನಿಮ್ಮ ಫೋಟೋದಲ್ಲಿ ಕಂಡರೆ ಶಾಲೆಯ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ, ನೋಡಿ. ಇಡೀ ಷಟಲ್‌ನ ಫೋಟೋ ಪುಸ್ತಕದಲ್ಲೂ ಸಿಗುತ್ತದೆ. ಈ ಹೊಲಿಗೆ ಸಿಗುವುದು ಕಡಿಮೆ.

ಇಂಥ ಹತ್ತಿರದ ಫೋಟೋಗೆ ಫೋನಿನ 2x ಅಥವಾ 3x ಲೆನ್ಸ್ ಬಳಸಿ. ಹಿಂದೆ ಹೋಗಿ ಇಡೀ ದೇಹ ಹಿಡಿಯುವ ಕಷ್ಟ ಇಲ್ಲ, ಜನ ಅಡ್ಡ ಬರುವುದಿಲ್ಲ, ಅಂಚು ಹಿಗ್ಗುವುದಿಲ್ಲ. ಬಿಳಿ ಭಾಗದ ಮೇಲೆ ಬೆರಳು ಮುಟ್ಟಿಸಿ ಫೋಕಸ್ ಮಾಡಿದರೆ ಬೆಳಕಿನ ಲೆಕ್ಕವೂ ಅದಕ್ಕೇ ಹೊಂದುತ್ತದೆ. ಮೇಲಿನ ಚಾವಣಿ ಕತ್ತಲಾದರೆ ಆಗಲಿ.

ಹಿಂಭಾಗದಲ್ಲಿ ಮೂರು ದೊಡ್ಡ ಎಂಜಿನ್ ಬಾಯಿಗಳು ಕಾಣುತ್ತವೆ. ಅವುಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಶಾಲೆಯಲ್ಲಿ ಇಡುವುದಾದರೆ ಅಡಿಬರಹದಲ್ಲಿ ಎಚ್ಚರ ಇರಲಿ. ಅವು ಪ್ರದರ್ಶನಕ್ಕೆ ಜೋಡಿಸಿದ ಪ್ರತಿಕೃತಿಗಳು. ಹಾರಾಟದ ಅಸಲಿ ಎಂಜಿನ್‌ಗಳನ್ನು ನಾಸಾ ಬಿಚ್ಚಿಟ್ಟುಕೊಂಡಿತು, ಹೊಸ ಎಸ್‌ಎಲ್‌ಎಸ್ ರಾಕೆಟ್‌ಗೆ ಬೇಕು ಅಂತ. 2022ರ ನವೆಂಬರ್‌ನಲ್ಲಿ ಚಂದ್ರನತ್ತ ಆರ್ಟೆಮಿಸ್-1 ಹಾರಿದ್ದು ಷಟಲ್ ಕಾಲದ ಎಂಜಿನ್‌ಗಳಿಂದಲೇ. ಪ್ರತಿ ವಸ್ತುವಿನ ಫೋಟೋ ತೆಗೆಯುವ ಮೊದಲು ಅದರ ಮಾಹಿತಿ ಫಲಕದ ಒಂದು ಫೋಟೋ ಹೊಡೆದುಕೊಳ್ಳಿ. ಊರಿಗೆ ಬಂದ ಮೇಲೆ ಯಾವುದು ಏನು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಮೊಮ್ಮಗನ ಮುಖ ಕಪ್ಪಾದದ್ದಕ್ಕೆ ಕಾರಣ ಸುಲಭ. ಷಟಲ್‌ಗೆ ಬೆನ್ನು ಕೊಟ್ಟು ನಿಲ್ಲಿಸಿದ್ದೀರಿ. ಬಿಳಿ ಷಟಲ್ ಮೇಲೆ ಬೆಳಕು ಜಾಸ್ತಿ, ತಲೆಯ ಮೇಲಿಂದ ಬೀಳುವ ಬೆಳಕಿನಿಂದ ಹುಡುಗನ ಕಣ್ಣಿನ ಕೆಳಗೆ ನೆರಳು. ಅವನನ್ನು ಷಟಲ್ ಕಡೆಗೇ ತಿರುಗಿಸಿ. ಅವನು ತಲೆಯೆತ್ತಿ ನೋಡುವಾಗ ನೀವು ಪಕ್ಕಕ್ಕೆ ಬಂದು, ಅವನ ಎತ್ತರಕ್ಕೆ ಬಗ್ಗಿ ತೆಗೆಯಿರಿ. ತಲೆ ಎತ್ತಿದಾಗ ಮೇಲಿನ ಬೆಳಕು ಮುಖಕ್ಕೆ ಸಿಗುತ್ತದೆ. ಮಂಡಿ ನೋವಿದ್ದರೆ ಫೋನ್ ತಲೆಕೆಳಗಾಗಿ ಹಿಡಿದು ಕೈ ಇಳಿಬಿಡಿ, ಲೆನ್ಸ್ ಕೆಳಗೆ ಬರುತ್ತದೆ. ನೈಟ್ ಮೋಡ್ ಮಾತ್ರ ಹುಡುಗರಿಗೆ ಬೇಡ. ಅದು ಎರಡು ಮೂರು ಸೆಕೆಂಡು ಬೆಳಕು ಕೂಡಿಸುತ್ತದೆ. ಷಟಲ್ ಅಲ್ಲಾಡುವುದಿಲ್ಲ, ಹುಡುಗ ಅಲ್ಲಾಡುತ್ತಾನೆ.

ಗಾಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಊರೊಳಗಿನ ಕಟ್ಟಡದಲ್ಲಿ ಅದು ಜಾಸ್ತಿ ಕಾಡುತ್ತದೆ. ಅಪೊಲೊ 11ರ ಗಗನಯಾತ್ರಿಗಳು ಭೂಮಿಗೆ ಮರಳಿದ ಕೊಲಂಬಿಯಾ ಕೋಶ ಇರುವುದು ಅಲ್ಲೇ, ಅದೂ ಪೆಟ್ಟಿಗೆಯೊಳಗೆ. ಗಾಜಿನಲ್ಲಿ ಕಾಣುವುದು ನಿಮ್ಮ ಕಡೆ ಇರುವ ಬೆಳಕಾದ ವಸ್ತುಗಳು. ಆದ್ದರಿಂದ ನಿಮ್ಮ ಕಡೆ ಕತ್ತಲೆ ಮಾಡಬೇಕು. ಅವತ್ತು ತಿಳಿ ಬಣ್ಣದ ಸೀರೆ ಬೇಡ. ಕಪ್ಪು ಅಥವಾ ಕಡುನೀಲಿ ಉಡಿ, ಇಲ್ಲವೇ ಒಂದು ಕಪ್ಪು ಶಾಲು ಜೊತೆಗಿರಲಿ. ಎ.ಸಿ. ಚಳಿಗೂ ಆಗುತ್ತದೆ. ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ತನ್ನಿ, ಆದರೆ ಒತ್ತಬೇಡಿ. ಶಾಲಿನಿಂದ ಫೋನಿನ ಸುತ್ತ ಮರೆ ಮಾಡಿ. ಇನ್ನೂ ದೀಪ ಕಾಣುತ್ತಿದ್ದರೆ ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿಯಿರಿ.

ಪೋಲರೈಸರ್ ಎಂಬ ಫಿಲ್ಟರ್ ತಗೊಳ್ಳಿ ಅಂತ ಅಂಗಡಿಯವರು ಹೇಳಬಹುದು. ಗಾಜನ್ನು ಓರೆಯಾಗಿ ನೋಡುವಾಗ ಅದು ಪ್ರತಿಫಲನ ಕಡಿಮೆ ಮಾಡುತ್ತದೆ. ನೇರ ಎದುರು ನಿಂತರೆ ಕೆಲಸಕ್ಕೆ ಬಾರದು. ಜೊತೆಗೆ ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿಹಾಕುತ್ತದೆ, ಮೊದಲೇ ಅಲ್ಲಿ ಬೆಳಕಿಲ್ಲ. ಪೆಟ್ಟಿಗೆ ಗಾಜಿನದಾಗಿರದೆ ಅಕ್ರಿಲಿಕ್‌ನದಾಗಿದ್ದರೆ ಕಾಮನಬಿಲ್ಲಿನ ಬಣ್ಣದ ಪಟ್ಟೆಗಳೂ ಮೂಡಬಹುದು. ಶಾಲೇ ವಾಸಿ.

ಇನ್ನು ಕ್ಯಾಮೆರಾ ತಗೊಳ್ಳುವ ಪ್ರಶ್ನೆ. ನಿಮ್ಮ ಫೋನ್ ಈಚಿನ ನಾಲ್ಕೈದು ವರ್ಷದ್ದಾಗಿದ್ದರೆ ಅದೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಸಾಕು. ಎಷ್ಟೋ ಜನರ ಮಸುಕು ಫೋಟೋಗೆ ಕಾರಣ ಬೆರಳಿನ ಎಣ್ಣೆ ಪಸೆ. ಫೋನಿಗೂ ಒಂದು ದೋಷ ಇದೆ. ಕಡಿಮೆ ಬೆಳಕಿನಲ್ಲಿ ಅದು ಹೊಲಿಗೆ, ಗೀರು, ಹೆಂಚಿನ ಒರಟುತನ ಎಲ್ಲವನ್ನೂ ನುಣುಪು ಮಾಡಿಬಿಡುತ್ತದೆ. ರಾ ಫೈಲ್ (ಫೋನ್ ತಿದ್ದದ ಕಚ್ಚಾ ಚಿತ್ರ) ಸೌಲಭ್ಯ ಇದ್ದರೆ ಇದು ಎಷ್ಟೋ ತಪ್ಪುತ್ತದೆ, ಆದರೆ ಆಮೇಲೆ ಕೂತು ತಿದ್ದುವ ತಾಳ್ಮೆ ಬೇಕು.

ಮಗಳ ಮನೆಯಲ್ಲಿ ಹಳೆಯ ಕ್ಯಾಮೆರಾ ಮೂಲೆಯಲ್ಲಿ ಬಿದ್ದಿದೆಯಾ ವಿಚಾರಿಸಿ. ಜೊತೆಗೆ ಬರುವ ಸಾಮಾನ್ಯ 18-55 ಲೆನ್ಸ್ ಇದ್ದರೂ ಆಯಿತು. ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600 ಅಥವಾ 3200, ಷಟರ್ (ಬೆಳಕು ಒಳಬಿಡುವ ಹೊತ್ತು) 1/60 ಸೆಕೆಂಡು, ಜನರಿದ್ದರೆ 1/125. ಇಷ್ಟರಲ್ಲಿ ಷಟಲ್ ಚೆನ್ನಾಗಿಯೇ ಬರುತ್ತದೆ. ದೊಡ್ಡ ಫುಲ್‌ಫ್ರೇಮ್ ಕ್ಯಾಮೆರಾ, ವೈಡ್ ಲೆನ್ಸ್ ತಗೊಂಡರೆ ಫೋಟೋ ಇನ್ನೂ ಚೆನ್ನಾಗಿ ಬರುವುದು ನಿಜ. ಆದರೆ ಲಕ್ಷಗಟ್ಟಲೆ ಖರ್ಚು, ಕುತ್ತಿಗೆಗೆ ಭಾರ, ಹೊರಡುವ ವಾರ ತಗೊಂಡರೆ ಯಾವ ಗುಂಡಿ ಯಾವುದಕ್ಕೆ ಅಂತ ಹುಡುಕುವುದರಲ್ಲೇ ಮ್ಯೂಸಿಯಂ ಮುಚ್ಚುವ ಹೊತ್ತಾಗುತ್ತದೆ. ಊರಿಗೆ ಬಂದ ಮೇಲೂ ಅದನ್ನು ಹೊತ್ತು ತಿರುಗುವ ಆಸೆ ಇದ್ದರೆ ತಗೊಳ್ಳಿ. ಈ ಪ್ರವಾಸಕ್ಕೆಂದೇ ಬೇಡ.

ಟ್ರೈಪಾಡ್ ಮನೆಯಲ್ಲೇ ಬಿಡಿ. ಜನ ಓಡಾಡುವ ಕಡೆ ಮೂರು ಕಾಲು ಚಾಚಿ ನಿಲ್ಲಿಸಿದರೆ ಯಾರಾದರೂ ಎಡವುತ್ತಾರೆ. ಮೊದಲೇ ಅನುಮತಿ ಇಲ್ಲದೆ ತಗೊಂಡು ಹೋದರೆ ಬಾಗಿಲಲ್ಲೇ ವಾದ ಶುರು. ಸೆಲ್ಫಿ ಕೋಲನ್ನು ಸ್ಮಿತ್ಸೋನಿಯನ್ 2015ರಲ್ಲೇ ತನ್ನ ಎಲ್ಲಾ ಮ್ಯೂಸಿಯಂಗಳಲ್ಲಿ ನಿಷೇಧಿಸಿದೆ. ಕಂಬಿಗೆ ಕೈ ಊರಿ, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಕೈ ನಡುಕವೂ ಫೋಟೋಗೆ ಬರುವುದಿಲ್ಲ.

ವಿಡಿಯೋ ಮಾಡುವುದಾದರೆ ಇಲ್ಲಿಂದ ಒಯ್ದ ಕ್ಯಾಮೆರಾಗಳಲ್ಲಿ ಒಂದು ಕಾಟ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಅಲ್ಲಿ ದೀಪಗಳು ಸೆಕೆಂಡಿಗೆ 120 ಸಲ ಮಿಣುಕಬಹುದು. ನಿಮ್ಮ ಕ್ಯಾಮೆರಾ ನಮ್ಮ ಕಡೆಯ ವಿಡಿಯೋ ಪದ್ಧತಿಯಾದ ‘ಪಾಲ್’ನಲ್ಲಿದ್ದು ಷಟರ್ 1/50 ಇದ್ದರೆ ವಿಡಿಯೋದ ಮೇಲೆ ಕಪ್ಪು ಪಟ್ಟೆಗಳು ಉರುಳುತ್ತವೆ. ಮೆನುವಿನಲ್ಲಿ ಅಮೆರಿಕದ ಪದ್ಧತಿಯಾದ ‘ಎನ್‌ಟಿಎಸ್‌ಸಿ’ಗೆ ಬದಲಿಸಿ, ಷಟರ್ 1/60 ಇಡಿ. ಫೋನ್‌ಗಳು ಸಾಮಾನ್ಯವಾಗಿ ತಾವೇ ಹೊಂದಿಸಿಕೊಳ್ಳುತ್ತವೆ. ಹಾಗೆಯೇ ಕ್ಯಾಮೆರಾದ ಗಡಿಯಾರ ಬದಲಿಸಿ. ಬೇಸಿಗೆಯಲ್ಲಿ ಅವರು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಬದಲಿಸದಿದ್ದರೆ ಫೋನಿನ ಫೋಟೋ, ಕ್ಯಾಮೆರಾದ ಫೋಟೋ ಕಲಸಿಹೋಗುತ್ತವೆ.

ಹೊತ್ತಿನ ವಿಷಯ. ಎರಡೂ ಕಡೆ ಪ್ರವೇಶ ಉಚಿತ. ಊರೊಳಗಿನದಕ್ಕೆ ಮಾತ್ರ ಆನ್‌ಲೈನ್‌ನಲ್ಲಿ ಸಮಯ ನಿಗದಿಯಾದ ಉಚಿತ ಪಾಸ್ ಪಡೆಯಬೇಕು. ಬೇಸಿಗೆಯಲ್ಲಿ ಬೇಗ ಮುಗಿಯುತ್ತವೆ, ಮಗಳಿಗೆ ಮೊದಲೇ ಹೇಳಿ. ಡಲ್ಲೆಸ್ ಹತ್ತಿರದ್ದಕ್ಕೆ ಪಾಸ್ ಬೇಡ, ಕಾರ್ ಪಾರ್ಕಿಂಗಿಗೆ ಮಾತ್ರ ದುಡ್ಡು. ಬಾಗಿಲು ತೆರೆಯುವುದು ಬೆಳಿಗ್ಗೆ 10ಕ್ಕೆ. ಎಲ್ಲರೂ ಮೊದಲು ಬ್ಲ್ಯಾಕ್‌ಬರ್ಡ್ ಸುತ್ತ ನಿಲ್ಲುತ್ತಾರೆ. ನೀವು ಅದನ್ನು ದಾಟಿ ನೇರ ಡಿಸ್ಕವರಿ ಹತ್ತಿರ ಹೋಗಿ, ಜನ ಬರುವಷ್ಟರಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ. ವಿಮಾನದ ಟಿಕೆಟ್ ಬುಕ್ ಮಾಡುವ ಮೊದಲು ಮ್ಯೂಸಿಯಂ ವೆಬ್‌ಸೈಟ್ ಒಮ್ಮೆ ನೋಡಿ. ಡಿಸ್ಕವರಿಯನ್ನು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ಗೆ ಸಾಗಿಸಬೇಕು ಎಂಬ ಜಗ್ಗಾಟ 2025ರಿಂದ ನಡೆದಿದೆ. ನನ್ನನ್ನು ಕೇಳಿದರೆ, ಅಷ್ಟು ಹೆಂಚು ಹೊತ್ತ ಮುದುಕಿಯನ್ನು ಇದ್ದಲ್ಲೇ ಇರಲು ಬಿಡಬೇಕು.

ಹೊರಡುವ ಮೊದಲು ಬೆಂಗಳೂರಿಗೆ ಬರುವುದಿದ್ದರೆ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಧ್ಯಾಹ್ನ ಅಭ್ಯಾಸ ಮಾಡಿ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ದೊಡ್ಡ ವಸ್ತು, ಮಿಶ್ರ ಬೆಳಕು, ಓಡಾಡುವ ಮಕ್ಕಳು, ಎಲ್ಲಾ ಸಿಗುತ್ತದೆ. 1903ರ ಅಸಲಿ ವಿಮಾನ ವಾಷಿಂಗ್ಟನ್‌ನ ಕಟ್ಟಡದಲ್ಲಿದೆ. ಎರಡರ ಫೋಟೋ ಅಕ್ಕಪಕ್ಕ ಇಟ್ಟರೆ ನಿಮ್ಮ ಶಾಲೆಯ ಪ್ರದರ್ಶನಕ್ಕೆ ಒಳ್ಳೆಯ ಜೋಡಿ.

ಶಾಲೆಯ ಪ್ರದರ್ಶನಕ್ಕೆ ಧಾರಾಳವಾಗಿ ಇಡಿ. ಶಿಕ್ಷಣಕ್ಕೆ, ಲಾಭವಿಲ್ಲದ ಕೆಲಸಕ್ಕೆ ತೊಂದರೆಯಿಲ್ಲ. ಎಲ್ಲಿ ತೆಗೆದದ್ದು ಅಂತ ಕೆಳಗೆ ಬರೆದರೆ ಆಯಿತು. ಫೋಟೋದಲ್ಲಿ ಬೇರೆಯವರ ಮಕ್ಕಳ ಮುಖ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದನ್ನು ಬಿಟ್ಟು ಇನ್ನೊಂದು ಆರಿಸಿ.

ಮೈದುನನ ಕ್ಯಾಲೆಂಡರ್ ಬೇರೆ ಮಾತು. ಉಚಿತವಾಗಿ ಹಂಚಿದರೂ ಅದು ಅಂಗಡಿಯ ಜಾಹೀರಾತು. ಮ್ಯೂಸಿಯಂನೊಳಗೆ ತೆಗೆದ ಫೋಟೋವನ್ನು ವ್ಯಾಪಾರಕ್ಕೆ ಬಳಸಲು ಅವರ ಅನುಮತಿ ಬೇಕು. ಸಾಗರದ ಅಂಗಡಿಯನ್ನು ಯಾರು ನೋಡುತ್ತಾರೆ ಅನ್ನಬಹುದು. ಇರಲಿ, ಇದಕ್ಕಿಂತ ಸುಲಭದ ದಾರಿ ಇದ್ದಾಗ ಆ ಗೋಜು ಯಾಕೆ? 2020ರಲ್ಲಿ ಸ್ಮಿತ್ಸೋನಿಯನ್ ‘ಓಪನ್ ಆಕ್ಸೆಸ್’ ಹೆಸರಿನಲ್ಲಿ 28 ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಆಮೇಲೆ ಇನ್ನೂ ಸೇರಿವೆ. ಅಲ್ಲಿ ಹುಡುಕುವಾಗ ಚಿತ್ರದ ಪಕ್ಕ ‘ಸಿಸಿ0’ (CC0, ಯಾರು ಬೇಕಾದರೂ ಬಳಸಬಹುದು ಎಂದರ್ಥ) ಗುರುತು ಇದೆಯೇ ನೋಡಿ. ನಾಸಾದ ಫೋಟೋಗಳಿಗೂ ಸಾಮಾನ್ಯವಾಗಿ ಕಾಪಿರೈಟ್ ಇರುವುದಿಲ್ಲ. ಡಿಸ್ಕವರಿ ಉಡಾವಣೆಯ ಭರ್ಜರಿ ಚಿತ್ರಗಳು ಅಲ್ಲಿವೆ. ನಾಸಾದ ಲಾಂಛನವನ್ನಾಗಲೀ ಗಗನಯಾತ್ರಿಗಳ ಮುಖವನ್ನಾಗಲೀ ಜಾಹೀರಾತಿಗೆ ಬಳಸಬಾರದು, ಅಂಥದ್ದು ಬಿಟ್ಟು ಆರಿಸಲು ಹೇಳಿ.

ಯಾವ ಚಿತ್ರ ಕೊಟ್ಟರೂ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಹಿಂಡಿ ಸಣ್ಣದು ಮಾಡುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. 4000 × 3000 ಪಿಕ್ಸೆಲ್ ಇದ್ದರೆ 13 ಇಂಚು ಅಗಲದವರೆಗೆ ಪ್ರೆಸ್ಸಿನವರು ತಕರಾರಿಲ್ಲದೆ ಮುದ್ರಿಸುತ್ತಾರೆ.